ಅಜ್ಜಿಗೆ ತೋರಿಸಬಹುದಾದ ಆಕಾಶ

(ವಾರಾಂತ್ಯದಲ್ಲಿ ಮಕ್ಕಳಿಗಾಗಿ ನಕ್ಷತ್ರ ವೀಕ್ಷಣೆ ನಡೆಸಲು ಹೊರಟಿದ್ದ ಶಿಕ್ಷಕರು ಮತ್ತು ಪೋಷಕರ ಮುಂದೆ ಆಡಿದ ಮಾತುಗಳನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಸಣ್ಣ ಲೆಕ್ಕದಿಂದ ಶುರು ಮಾಡುತ್ತೇನೆ. ಒಂದು ಟೆಲಿಸ್ಕೋಪ್, 60 ಮಕ್ಕಳು. ಒಬ್ಬೊಬ್ಬರಿಗೆ ಒಂದೊಂದು ನಿಮಿಷ. ಸಾಲಿನ ಕೊನೆಯಲ್ಲಿರುವ ಮಗು 59 ನಿಮಿಷ ಮುಂದಿನವರ ಬೆನ್ನು ನೋಡುತ್ತಾ ನಿಂತಿರುತ್ತದೆ. ತಲೆಯ ಮೇಲೆ ಇಡೀ ಆಕಾಶ ಹರಡಿರುತ್ತದೆ. ಅದನ್ನು ನೋಡು ಅಂತ ಯಾರೂ ಹೇಳಿರುವುದಿಲ್ಲ.

ನಾನು ಮೊದಮೊದಲು ನಡೆಸಿದ ಒಂದು ರಾತ್ರಿ ಹೀಗೇ ಆಯಿತು. ಶನಿಯ ಉಂಗುರ ತೋರಿಸುತ್ತಿದ್ದೆವು. ಮಕ್ಕಳು ಒಬ್ಬೊಬ್ಬರಾಗಿ ಬಂದು ಕಣ್ಣಿಟ್ಟು, "ಕಾಣ್ತು ಅಕ್ಕ, ಚೆನ್ನಾಗಿದೆ" ಅಂತ ಹೇಳಿ ಹೋಗುತ್ತಿದ್ದರು. ಎಂಟು ಹತ್ತು ಮಕ್ಕಳಾದ ಮೇಲೆ ನಾನೊಮ್ಮೆ ಕಣ್ಣಿಟ್ಟು ನೋಡಿದೆ. ಅಲ್ಲಿ ಏನೂ ಇರಲಿಲ್ಲ. ಬರೀ ಕತ್ತಲು. ಭೂಮಿ ತಿರುಗುತ್ತಿರುತ್ತದೆ, ಹಾಗಾಗಿ ಟೆಲಿಸ್ಕೋಪನ್ನು ಸರಿಸುತ್ತಾ ಇರದಿದ್ದರೆ ಗ್ರಹ ಒಂದೆರಡು ನಿಮಿಷದಲ್ಲಿ ನೋಟದಿಂದ ಜಾರಿ ಹೋಗುತ್ತದೆ. ಅಂದರೆ ಅಷ್ಟೂ ಮಕ್ಕಳಲ್ಲಿ ಕೆಲವರು ಕತ್ತಲನ್ನು ನೋಡಿ "ಚೆನ್ನಾಗಿದೆ" ಅಂದಿದ್ದರು. ದೊಡ್ಡವರಿಗೆ ಬೇಜಾರಾಗಬಾರದು ಅಂತಲೋ, ಕಾಣಲಿಲ್ಲ ಅಂದರೆ ದಡ್ಡ ಅಂದುಕೊಳ್ಳುತ್ತಾರೆ ಅಂತಲೋ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಗಾಗುವಷ್ಟರಲ್ಲಿ ಒಂದು ಪ್ರಶ್ನೆ ಗಟ್ಟಿಯಾಯಿತು. ಈ ಮಗು ನಾಳೆ ಮನೆಗೆ ಹೋದ ಮೇಲೆ, ಟೆಲಿಸ್ಕೋಪ್ ಇಲ್ಲದೆ, ನಾವ್ಯಾರೂ ಪಕ್ಕದಲ್ಲಿಲ್ಲದೆ, ತನ್ನ ಅಜ್ಜಿಗೆ ಏನು ತೋರಿಸಬಲ್ಲದು? ಅವತ್ತಿನಿಂದ ಪ್ರತಿ ಚಟುವಟಿಕೆಯನ್ನೂ ನಾನು ಈ ಪ್ರಶ್ನೆ ಇಟ್ಟುಕೊಂಡೇ ಆರಿಸುತ್ತೇನೆ. ಇವತ್ತು ನಿಮಗೆ ಹೇಳುವುದೆಲ್ಲ ಹಾಗೆ ಉಳಿದುಕೊಂಡವುಗಳು.

ಮೊದಲು ದಿನದ ವಿಚಾರ. ದೊಡ್ಡವರ ಗುಂಪುಗಳು ಅಮಾವಾಸ್ಯೆಯ ಹತ್ತಿರದ ಶನಿವಾರವನ್ನು ಹುಡುಕುತ್ತವೆ. ಮಕ್ಕಳಿಗೆ ನಾನು ಶುಕ್ಲ ಪಕ್ಷದ ಪಂಚಮಿಯಿಂದ ಅಷ್ಟಮಿಯೊಳಗಿನ ಶನಿವಾರ ಬೇಕು ಅನ್ನುತ್ತೇನೆ. ಸಂಜೆ ಚಂದ್ರ ಇರುತ್ತಾನೆ, ಅಷ್ಟಮಿಯಾದರೂ ನಡುರಾತ್ರಿಯ ಹೊತ್ತಿಗೆ ಮುಳುಗುತ್ತಾನೆ. ಆಮೇಲೆ ಕತ್ತಲೂ ಸಿಗುತ್ತದೆ. ಹುಣ್ಣಿಮೆ ಬೇಡವೇ ಬೇಡ. ಹುಣ್ಣಿಮೆಯ ಚಂದ್ರನ ಮೇಲೆ ನೇರ ಬೆಳಕು ಬೀಳುವುದರಿಂದ ಕುಳಿಗಳ ನೆರಳೇ ಕಾಣುವುದಿಲ್ಲ. ತಿಂಗಳು ಅಂದರೆ ನಮ್ಮ ಕಡೆ ನವೆಂಬರಿನಿಂದ ಮಾರ್ಚ್ ಒಳ್ಳೆಯದು. ಮಳೆಗಾಲದಲ್ಲಿ ಏನು ಮಾಡಬಹುದು ಅಂತ ಆಮೇಲೆ ಹೇಳುತ್ತೇನೆ.

ಮಕ್ಕಳನ್ನು ಮಧ್ಯಾಹ್ನ ಮೂರು ಗಂಟೆಗೇ ಕರೆಸಿ. ಕತ್ತಲಾಗಲಿ ಅಂತ ಕಾಯಬೇಡಿ. ನಮಗೆ ಹತ್ತಿರದ ನಕ್ಷತ್ರ ಹಗಲಿನಲ್ಲೇ ಇದೆ.

ಒಂದು ಚಿಕ್ಕ ಕನ್ನಡಿ ತಗೊಳ್ಳಿ. ಅದರ ಮೇಲೆ ಕಪ್ಪು ಕಾಗದ ಅಂಟಿಸಿ, ಕಾಗದದ ನಡುವೆ ಕಿರುಬೆರಳಿನ ಉಗುರಿನಷ್ಟು ತೂತು ಮಾಡಿ. ತೂತು ಚೌಕವಾಗಿರಲಿ. ಬಿಸಿಲಿನಲ್ಲಿ ನಿಂತು, ಆ ಕನ್ನಡಿಯಿಂದ ಒಂದು ಕತ್ತಲು ಕೋಣೆಯ ಗೋಡೆಯ ಮೇಲೆ ಬೆಳಕು ಬಿಡಿ. ಹತ್ತಿರದಲ್ಲಿ ಬಿಟ್ಟಾಗ ಬೆಳಕು ಚೌಕವಾಗೇ ಬೀಳುತ್ತದೆ. ಹಿಂದೆ ಹಿಂದೆ ಹೋಗುತ್ತಾ 20 ಮೀಟರ್ ದೂರ ಹೋದಾಗ ಅದು ದುಂಡಗಾಗುತ್ತದೆ. ತೂತು ಚೌಕ, ಬೆಳಕು ದುಂಡು! ಯಾಕೆ ಅಂತ ಕೇಳಿ, ಸುಮ್ನೆ ಕಾಯಿರಿ. ಹತ್ತು ನಿಮಿಷ ವಾದ ನಡೆಯಲಿ. ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ, "ಅದು ತೂತಿನ ಆಕಾರ ಅಲ್ಲ, ಸೂರ್ಯಂದು."

ಈಗ ಆ ದುಂಡನ್ನು ಅಳೆಯಿಸಿ. 20 ಮೀಟರ್ ದೂರಕ್ಕೆ ಸುಮಾರು 18.7 ಸೆಂಟಿಮೀಟರ್ ಬರುತ್ತದೆ. 20 ಮೀಟರನ್ನು ಅದರಿಂದ ಭಾಗಿಸಿದರೆ ಸುಮಾರು 107. ಸೂರ್ಯ ಇರುವುದು 15 ಕೋಟಿ ಕಿಲೋಮೀಟರ್ ದೂರದಲ್ಲಿ. ಅದನ್ನೂ 107ರಿಂದ ಭಾಗಿಸಿ. 14 ಲಕ್ಷ ಕಿಲೋಮೀಟರ್. ಅದೇ ಸೂರ್ಯನ ಅಗಲ! ಭಾಗಾಕಾರ ಗೊತ್ತಿರುವ ಆರನೇ ತರಗತಿಯ ಮಗು ಒಂದು ಕನ್ನಡಿ, ಒಂದು ಟೇಪು ಹಿಡಿದು ಸೂರ್ಯನನ್ನು ಅಳೆದುಬಿಡುತ್ತದೆ. ಇದನ್ನು ಮಾಡಿದ ಮಗುವಿನ ಮುಖ ನೋಡಬೇಕು ನೀವು.

ಎರಡು ಎಚ್ಚರಿಕೆ. ಸೂರ್ಯನನ್ನು ಬರಿಗಣ್ಣಿನಲ್ಲಾಗಲೀ, ಬೈನಾಕ್ಯುಲರ್‌ನಲ್ಲಾಗಲೀ, ಟೆಲಿಸ್ಕೋಪಿನಲ್ಲಾಗಲೀ ನೇರವಾಗಿ ನೋಡಬಾರದು. ಕನ್ನಡಿಯ ಬೆಳಕನ್ನು ಯಾರ ಕಣ್ಣಿಗೂ ಬಿಡಬಾರದು. ಸಂಜೆಗೆ ಜೋಡಿಸಿಟ್ಟ ಟೆಲಿಸ್ಕೋಪನ್ನು ಹಗಲಲ್ಲಿ ಮುಚ್ಚಳ ಹಾಕಿ, ಮಕ್ಕಳಿಗೆ ಸಿಗದ ಕಡೆ ಇಡಿ.

ಕನ್ನಡಿಯೂ ಇಲ್ಲದಿದ್ದರೆ ಹೊಂಗೆ ಮರದ ಕೆಳಗೆ ಹೋಗಿ. ಎಲೆಗಳ ಸಂದಿಯಿಂದ ನೆಲಕ್ಕೆ ಬೀಳುವ ದುಂಡು ದುಂಡು ಬೆಳಕಿನ ಚುಕ್ಕೆಗಳೂ ಸೂರ್ಯನ ಬಿಂಬಗಳೇ. 2019ರ ಡಿಸೆಂಬರ್ 26ರಂದು ಮಂಗಳೂರು, ಕೊಡಗಿನ ಕಡೆ ಕಂಕಣ ಗ್ರಹಣವಾಯಿತಲ್ಲ, ಆಗ ಮರದ ನೆರಳಿನ ಚುಕ್ಕೆಗಳು ಬಳೆಗಳಾಗಿದ್ದವು. ಉಳಿದ ಕಡೆ ಕುಡುಗೋಲಿನಂತಾಗಿದ್ದವು. ಮನೆಯೊಳಗೆ ಬಾಗಿಲು ಹಾಕಿಕೊಂಡು ಕೂತ ಮಕ್ಕಳಿಗೆ ಇದು ಸಿಗಲಿಲ್ಲ ಅಂತ ನನಗೆ ಈಗಲೂ ನೋವು. ಮರದ ಕೆಳಗೆ ನಿಂತು ನೆಲ ನೋಡುವುದರಲ್ಲಿ ಕಣ್ಣಿಗೆ ಯಾವ ಅಪಾಯವೂ ಇಲ್ಲ.

ಸೂರ್ಯ ಮುಳುಗಿದ ಮೇಲೆ ಎಲ್ಲರಿಗೂ ಒಂದೊಂದು ಕರ್ಚೀಫು ಕೊಡಿ. ಒಂದು ಕಣ್ಣಿಗೆ ಕಟ್ಟಿಕೊಳ್ಳಲಿ. ಊಟ, ಮಾತು, ಓಡಾಟ ಎಲ್ಲ ಒಂದೇ ಕಣ್ಣಿನಲ್ಲಿ. 20 ನಿಮಿಷ ಆದ ಮೇಲೆ ದೀಪ ಆರಿಸಿ, ಕರ್ಚೀಫು ಬಿಚ್ಚಿಸಿ. ಒಂದು ಸಲ ಈ ಕಣ್ಣು, ಒಂದು ಸಲ ಆ ಕಣ್ಣು ಮುಚ್ಚಿ ಆಕಾಶ ನೋಡಿ ಅನ್ನಿ. ಮಕ್ಕಳು ಕಿರುಚುತ್ತಾರೆ. ಕಟ್ಟಿಟ್ಟಿದ್ದ ಕಣ್ಣಿಗೆ ಎಷ್ಟೋ ಜಾಸ್ತಿ ನಕ್ಷತ್ರ ಕಾಣುತ್ತವೆ. ಕತ್ತಲಿಗೆ ಕಣ್ಣು ಒಗ್ಗಲು 20ರಿಂದ 30 ನಿಮಿಷ ಬೇಕು ಅಂತ ನಾವು ನೂರು ಸಲ ಹೇಳಿದರೂ ಬಾರದ ತಿಳಿವಳಿಕೆ ಇದರಿಂದ ಬರುತ್ತದೆ. ಆಮೇಲೆ ಯಾರಾದರೂ ಮೊಬೈಲ್ ಹಚ್ಚಿದರೆ ಮಕ್ಕಳೇ ಗದರುತ್ತಾರೆ. ಟಾರ್ಚಿಗೆ ಕೆಂಪು ಕಾಗದ ಕಟ್ಟಿಕೊಂಡು ಓಡಾಡುವುದನ್ನೂ ಅವರೇ ನೋಡಿಕೊಳ್ಳುತ್ತಾರೆ.

ಜಮಖಾನ ಹಾಸಿ ಎಲ್ಲರನ್ನೂ ಮಲಗಿಸಿ. ಈಗಲೂ ಹೆಸರು ಹೇಳಬೇಡಿ. ಇದು ನಮಗೆ ಬಹಳ ಕಷ್ಟ. ಗೊತ್ತಿರುವುದನ್ನು ಹೇಳಿಬಿಡುವ ಆಸೆ ಇರುತ್ತದೆ. ತಡೆದುಕೊಳ್ಳಿ. ಜನವರಿಯ ಸಂಜೆಯಾದರೆ ಪೂರ್ವದ ಕಡೆ ಏಳು ಹೊಳೆಯುವ ನಕ್ಷತ್ರಗಳ ಒಂದು ಗುಂಪು ಎದ್ದಿರುತ್ತದೆ. ನಡುವೆ ಮೂರು ಒಂದೇ ಸಾಲಿನಲ್ಲಿ, ಸುತ್ತ ನಾಲ್ಕು. ನಾವದಕ್ಕೆ ಮಹಾವ್ಯಾಧ ಅನ್ನುತ್ತೇವೆ. ಮಕ್ಕಳಿಗೆ ಹೇಳುವುದು ಇಷ್ಟೇ. "ಇವು ರಂಗೋಲಿ ಚುಕ್ಕಿ. ನೀವು ಗೆರೆ ಎಳೆಯಿರಿ." ಕಾಗದದ ಮೇಲೆ ಒಬ್ಬಳು ಚಿಟ್ಟೆ ಬರೆಯುತ್ತಾಳೆ. ಒಬ್ಬ ಡಮರು ಬರೆಯುತ್ತಾನೆ. ಒಬ್ಬ ಹುಡುಗ ಎರಡು ಕೊಡ ಹೊತ್ತ ತನ್ನ ಅಮ್ಮನನ್ನು ಬರೆದಿದ್ದ. ತಾನೇ ಗೆರೆ ಎಳೆದ ಗುಂಪನ್ನು ಮಗು ಮರೆಯುವುದಿಲ್ಲ. ಮುಂದಿನ ವರ್ಷವೂ "ನನ್ನ ಚಿಟ್ಟೆ ಬಂತು" ಅನ್ನುತ್ತದೆ. ಬೇಟೆಗಾರನ ಕಥೆ ಆಮೇಲೆ ಹೇಳಿದರಾಯಿತು.

ಇನ್ನು ಅಳತೆ. ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಅದು ಆಕಾಶದಲ್ಲಿ ಸುಮಾರು 10 ಡಿಗ್ರಿ. ಕಿರುಬೆರಳು ಒಂದು ಡಿಗ್ರಿ. ಮಕ್ಕಳ ಮುಷ್ಟಿ ಚಿಕ್ಕದು, ಆದರೆ ಕೈಯೂ ಗಿಡ್ಡ, ಹಾಗಾಗಿ ಲೆಕ್ಕ ಸರಿಹೋಗುತ್ತದೆ. ಚಂದ್ರ ಎಷ್ಟು ಬೆರಳು ಅಂತ ಮೊದಲು ಊಹಿಸಲು ಹೇಳಿ. ಮೂರು, ನಾಲ್ಕು ಅನ್ನುತ್ತಾರೆ. ಚಂದ್ರ ಅರ್ಧ ಡಿಗ್ರಿ. ಕಿರುಬೆರಳಿನ ಹಿಂದೆ ಪೂರ್ತಿ ಅಡಗಿಬಿಡುತ್ತಾನೆ.

ಆಮೇಲೆ ಉತ್ತರಕ್ಕೆ ತಿರುಗಿ ಧ್ರುವ ನಕ್ಷತ್ರ ಹುಡುಕಿಸಿ. ಆಕಾಶದಲ್ಲೇ ಹೆಚ್ಚು ಹೊಳೆಯುವ ನಕ್ಷತ್ರ ಅದು ಅಂತ ತುಂಬಾ ಜನ ನಂಬಿದ್ದಾರೆ. ಹೊಳಪಿನಲ್ಲಿ ಅದು ಸುಮಾರು 50ನೆಯದು. ನಮ್ಮಲ್ಲಿ ಅದು ಬಹಳ ಕೆಳಗೆ ಇರುತ್ತದೆ, ಮರ ಕಟ್ಟಡ ಅಡ್ಡ ಇರದ ಜಾಗ ಬೇಕು. ಬೆಂಗಳೂರಿನಲ್ಲಿ ನೆಲದಂಚಿನಿಂದ ಒಂದು ಮುಷ್ಟಿ, ಅದರ ಮೇಲೆ ಮೂರು ಕಿರುಬೆರಳು. ಬೀದರಿನಲ್ಲಾದರೆ ಎರಡು ಮುಷ್ಟಿಗೆ ಸ್ವಲ್ಪ ಕಡಿಮೆ. ಬೆಂಗಳೂರಿನ ಅಕ್ಷಾಂಶ 13 ಡಿಗ್ರಿ, ಬೀದರಿನದು 18. ಧ್ರುವ ನಕ್ಷತ್ರದ ಎತ್ತರವೇ ನಿಮ್ಮ ಊರಿನ ಅಕ್ಷಾಂಶ. ಭೂಪಟದಲ್ಲಿ ಬಾಯಿಪಾಠ ಮಾಡಿದ ಸಂಖ್ಯೆ ಮಗುವಿನ ಮುಷ್ಟಿಯಲ್ಲಿ ಸಿಗುತ್ತದೆ. ಬೇರೆ ಊರಿನ ನೆಂಟರ ಮನೆಗೆ ಹೋದಾಗ ಅಲ್ಲೂ ಅಳೆದು ನೋಡು ಅಂತ ಹೇಳಿ ಕಳಿಸಿ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಇದಕ್ಕೆ 29 ಮಕ್ಕಳು ಬೇಕು, ಒಂದು ಲಾಟೀನು ಬೇಕು, ಒಂದು ಮೈದಾನ ಬೇಕು.

27 ಮಕ್ಕಳನ್ನು ದೊಡ್ಡ ವೃತ್ತದಲ್ಲಿ ಒಳಮುಖವಾಗಿ ಕೂರಿಸಿ. ಒಬ್ಬೊಬ್ಬರ ಕೈಗೆ ಒಂದೊಂದು ನಕ್ಷತ್ರದ ಹೆಸರು ಬರೆದ ರಟ್ಟು. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಅಂತ ರೇವತಿಯವರೆಗೆ. ಪ್ರದಕ್ಷಿಣೆಯ ಉಲ್ಟಾ ದಿಕ್ಕಿಗೆ ಸಾಲಾಗಿ ಬರಲಿ. ನಡುವೆ ಲಾಟೀನು ಹಿಡಿದ ಮಗು ಸೂರ್ಯ. ಸೂರ್ಯನಿಂದ ಎರಡು ಹೆಜ್ಜೆ ದೂರದಲ್ಲಿ ಇನ್ನೊಂದು ಮಗು, ಅದು ಭೂಮಿ. ಭೂಮಿಯೂ ಅದೇ ಉಲ್ಟಾ ದಿಕ್ಕಿಗೆ ಸೂರ್ಯನನ್ನು ನಿಧಾನಕ್ಕೆ ಸುತ್ತಲಿ.

ಭೂಮಿಯನ್ನು ಎಲ್ಲಾದರೂ ನಿಲ್ಲಿಸಿ ಕೇಳಿ. "ಸೂರ್ಯನ ಹಿಂದೆ ಯಾವ ರಟ್ಟು ಕಾಣುತ್ತಿದೆ?" "ಆರಿದ್ರಾ." ಹಾಗಾದರೆ ಈಗ ಆರಿದ್ರಾ ಮಳೆ!

ಹಳ್ಳಿಯ ಮಕ್ಕಳಾದರೆ ಇಲ್ಲಿ ತಟ್ಟನೆ ತಲೆ ಎತ್ತುತ್ತಾರೆ. ರೋಹಿಣಿ ಮಳೆ, ಮೃಗಶಿರ ಮಳೆ, ಆರಿದ್ರಾ ಮಳೆ ಅನ್ನುವ ಮಾತು ಮನೆಯಲ್ಲಿ ಬಿತ್ತನೆಯ ಹೊತ್ತಿಗೆ ಕೇಳಿರುತ್ತಾರೆ. ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಕೂ ಇರುತ್ತದೆ. ಆದರೆ ಆ ಹೆಸರು ಆಕಾಶದಲ್ಲಿರುವ ಒಂದು ನಕ್ಷತ್ರದ್ದು, ಅದನ್ನು ಬೆರಳು ಮಾಡಿ ತೋರಿಸಬಹುದು ಅನ್ನುವುದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಸೂರ್ಯ ಒಂದು ನಕ್ಷತ್ರದ ಜಾಗ ದಾಟಲು ಎಷ್ಟು ದಿನ? 365ನ್ನು 27ರಿಂದ ಭಾಗಿಸಿ. ಹದಿಮೂರೂವರೆ. ಒಂದೊಂದು ಮಳೆಗೂ ಕ್ಯಾಲೆಂಡರಿನಲ್ಲಿ ಹದಿಮೂರು ಹದಿನಾಲ್ಕು ದಿನ ಯಾಕಿದೆ ಅಂತ ಈಗ ಗೊತ್ತಾಯಿತಲ್ವಾ?

ಇಲ್ಲಿ ಒಂದು ಒಳ್ಳೆಯ ಪ್ರಶ್ನೆ ಹಾಕಿ. "ಆರಿದ್ರಾ ಮಳೆ ಬೀಳುವ ಜೂನ್ ಕೊನೆಯಲ್ಲಿ, ಮೋಡ ಇಲ್ಲದ ಒಂದು ರಾತ್ರಿ ಸಿಕ್ಕಿದರೆ, ಆರಿದ್ರಾ ನಕ್ಷತ್ರ ಕಾಣುತ್ತದಾ?" ಹೆಚ್ಚಿನವರು ಕಾಣುತ್ತೆ ಅನ್ನುತ್ತಾರೆ. ಭೂಮಿಯಾಗಿರುವ ಮಗುವನ್ನು ಕೇಳಿ. ಆ ರಟ್ಟು ನೋಡಬೇಕಾದರೆ ಅದು ಲಾಟೀನಿನ ಕಡೆಗೇ ತಿರುಗಬೇಕು. ಅಂದರೆ ಹಗಲು! ಆರಿದ್ರಾ ಸೂರ್ಯನ ಜೊತೆಯಲ್ಲೇ ಹುಟ್ಟಿ ಸೂರ್ಯನ ಜೊತೆಯಲ್ಲೇ ಮುಳುಗುತ್ತದೆ. ಹಾಗಾದರೆ ರಾತ್ರಿಯಿಡೀ ಕಾಣುವುದು ಯಾವಾಗ? ಭೂಮಿ ಅರ್ಧ ಸುತ್ತು ಹೋದಾಗ, ಡಿಸೆಂಬರಿನಲ್ಲಿ. ಆಗ ಎಲ್ಲರೂ ತಲೆ ಎತ್ತಿ ನೋಡಲಿ. ಮಹಾವ್ಯಾಧನ ಹೆಗಲ ಮೇಲೆ ಕೆಂಪಗೆ ಹೊಳೆಯುತ್ತಿರುವುದೇ ಆರಿದ್ರಾ. ಚಿಟ್ಟೆ ಬರೆದವಳ ರೆಕ್ಕೆಯ ತುದಿಯೂ ಅದೇ.

ಇನ್ನೊಂದು ಮಗುವನ್ನು ಚಂದ್ರನನ್ನಾಗಿ ಸೇರಿಸಿ. ಚಂದ್ರ ಭೂಮಿಯನ್ನು ಸುತ್ತುವಾಗ ದಿನಕ್ಕೆ ಸುಮಾರು ಒಂದು ರಟ್ಟು ದಾಟುತ್ತಾನೆ. 27 ಯಾಕೆ ಅನ್ನುವುದಕ್ಕೆ ಉತ್ತರ ಅಲ್ಲೇ ಇದೆ. ಹುಣ್ಣಿಮೆಯ ಚಂದ್ರ ಕೃತ್ತಿಕೆಯ ಹತ್ತಿರ ಬರುವ ತಿಂಗಳು ಕಾರ್ತಿಕ. ಚಿತ್ತಾ ಹತ್ತಿರ ಬಂದರೆ ಚೈತ್ರ. ಕಾರ್ತಿಕ ಹುಣ್ಣಿಮೆಗೆ ದೀಪ ಹಚ್ಚುತ್ತೀರಲ್ಲ, ಹಚ್ಚಿ ಆದ ಮೇಲೆ ಹೊರಗೆ ಬಂದು ಚಂದ್ರನ ಪಕ್ಕ ನೋಡಿ, ಅಜ್ಜಿಗೂ ತೋರಿಸಿ ಅಂತ ಮಕ್ಕಳಿಗೆ ಹೇಳಿ. ಹುಣ್ಣಿಮೆಯ ಬೆಳಕಿನಲ್ಲಿ ಕೃತ್ತಿಕೆ ಮಸುಕಾಗಿರುತ್ತದೆ, ಚಂದ್ರನನ್ನು ಕೈಯಲ್ಲಿ ಮರೆ ಮಾಡಿ ಹುಡುಕಬೇಕು.

ಮುಕ್ಕಾಲು ಗಂಟೆ ಇದಕ್ಕೇ ಹೋದರೂ ಚಿಂತೆ ಇಲ್ಲ. ನಮ್ಮ ಮನೆಗಳಲ್ಲಿ ಇಷ್ಟು ಖಗೋಳ ವಿಜ್ಞಾನ ಮಾತಿನಲ್ಲಿ ಉಳಿದಿದೆ, ಕಣ್ಣಿಂದ ಮಾತ್ರ ತಪ್ಪಿಹೋಗಿದೆ.

ಟೆಲಿಸ್ಕೋಪ್ ಈಗ ಬರಲಿ. ಚಂದ್ರನಿಂದ ಶುರು ಮಾಡಿ. ಪಕ್ಕದಲ್ಲೇ ಒಂದು ತಟ್ಟೆ ಇಡಿ. ಕೆಳಗೆ ಎರಡು ಬೆರಳು ದಪ್ಪಕ್ಕೆ ಬಿಳಿ ರಂಗೋಲಿ ಪುಡಿ, ಅದರ ಮೇಲೆ ತೆಳ್ಳಗೆ ಇಟ್ಟಿಗೆ ಪುಡಿ. ಸರದಿಗೆ ಕಾಯುವ ಮಕ್ಕಳು ಮೇಲಿನಿಂದ ಗೋಲಿ ಬಿಡಲಿ. ಕುಳಿ ಬೀಳುತ್ತದೆ, ಒಳಗಿನ ಬಿಳಿ ಪುಡಿ ಕಿರಣಗಳಂತೆ ಸುತ್ತ ಚಿಮ್ಮುತ್ತದೆ. ಚಂದ್ರನ ಮೇಲಿನ ಟೈಕೋ ಕುಳಿಯ ಸುತ್ತ ಅಂಥದೇ ಕಿರಣಗಳಿವೆ. ಆ ಕುಳಿಯ ಅಗಲ ಸುಮಾರು 85 ಕಿಲೋಮೀಟರ್. ತಟ್ಟೆಗೆ ಓರೆಯಾಗಿ ಟಾರ್ಚ್ ಬಿಟ್ಟರೆ ನೆರಳು ಹೇಗೆ ಉದ್ದವಾಗುತ್ತದೆ, ನೆತ್ತಿಯ ಮೇಲಿಂದ ಬಿಟ್ಟರೆ ಹೇಗೆ ಮಾಯವಾಗುತ್ತದೆ ಅಂತಲೂ ನೋಡಲಿ.

ಚಂದ್ರಯಾನ 3ರ ವಿಕ್ರಮ್ ಕಾಣುತ್ತದಾ ಅಂತ ಒಂದು ಮಗುವಾದರೂ ಕೇಳುತ್ತದೆ. 2023ರ ಆಗಸ್ಟ್ 23ರ ಸಂಜೆಯನ್ನು ಮಕ್ಕಳು ಮರೆತಿಲ್ಲ. ಕಾಣುವುದಿಲ್ಲ ಅಂತ ಸರಿಯಾಗಿ ಹೇಳಿ. ನಮ್ಮ ಟೆಲಿಸ್ಕೋಪಿಗೆ ಒಂದೆರಡು ಕಿಲೋಮೀಟರ್ ಅಗಲದ ಕುಳಿ ಕಂಡರೆ ಹೆಚ್ಚು. ವಿಕ್ರಮ್ ಕೆಲವೇ ಮೀಟರಿನದು. ಅದು ಇಳಿದ ದಕ್ಷಿಣದ ಕಡೆಯನ್ನು ತೋರಿಸಿ, ಸಾಕು.

"ಕಾಣ್ತಾ?" ಅಂತ ಕೇಳಲೇಬೇಡಿ. ಕಾಗದ ಕೊಟ್ಟು "ಏನು ಕಂಡಿತೋ ಬರೆದು ತೋರಿಸು" ಅನ್ನಿ. ಕಾಣದ ಮಗು ಆಗ ಧೈರ್ಯವಾಗಿ "ಏನೂ ಇಲ್ಲ ಅಕ್ಕ" ಅನ್ನುತ್ತದೆ, ನಾವು ಟೆಲಿಸ್ಕೋಪನ್ನು ಸರಿಪಡಿಸಬಹುದು. ಕುಳ್ಳಗಿರುವ ಮಕ್ಕಳಿಗೆ ಒಂದು ಸ್ಟೂಲು ಮರೆಯಬೇಡಿ.

ಎರಡು ರಾತ್ರಿ ಸಿಗುವ ವಾರಾಂತ್ಯಕ್ಕೆ ಗುರು ಗ್ರಹದಷ್ಟು ಒಳ್ಳೆಯದು ಇನ್ನೊಂದಿಲ್ಲ. ಗುರುವಿನ ಪಕ್ಕ ನಾಲ್ಕು ಚುಕ್ಕಿಗಳು ಸಾಲಾಗಿ ಕಾಣುತ್ತವೆ. ಕೆಲವೊಮ್ಮೆ ಮೂರೇ ಇರುತ್ತವೆ. ಶನಿವಾರ ಕಂಡಂತೆ ಬರೆಸಿ. ಭಾನುವಾರ ಅದೇ ಹೊತ್ತಿಗೆ ಮತ್ತೆ ಬರೆಸಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಚುಕ್ಕಿಗಳು ಜಾಗ ಬದಲಿಸಿರುತ್ತವೆ. ಇವು ಗುರುವಿನ ಚಂದ್ರರು. ನಾಲ್ಕರಲ್ಲಿ ಎಲ್ಲಕ್ಕಿಂತ ಒಳಗಿನ ಅಯೋ ಒಂದು ಸುತ್ತು ಮುಗಿಸಲು 42 ಗಂಟೆ ಚಿಲ್ಲರೆ ಸಾಕು, ಹಾಗಾಗಿ ಒಂದು ದಿನದಲ್ಲಿ ಅರ್ಧಕ್ಕಿಂತ ಹೆಚ್ಚು ಸುತ್ತಿರುತ್ತದೆ. 1610ರ ಜನವರಿ 7ರಂದು ಗೆಲಿಲಿಯೋ ಬರೆಯಲು ಶುರು ಮಾಡಿದ್ದೂ ಇಂಥದೇ ಚಿತ್ರಗಳನ್ನು. ಚುಕ್ಕಿಗಳು ಯಾಕೆ ಅಲ್ಲಾಡಿದವು ಅಂತ ಮಕ್ಕಳು ಹೇಳುವವರೆಗೆ ಆ ಹೆಸರು ತೆಗೆಯಬೇಡಿ.

ಸರದಿಗೆ ಕಾಯುವವರಿಗೆ ಇನ್ನೊಂದು ಚಿಕ್ಕ ಆಟ. ಫುಟ್‌ಬಾಲ್ ಭೂಮಿ, ಟೆನಿಸ್ ಬಾಲ್ ಚಂದ್ರ. ಎಷ್ಟು ದೂರ ಇಡಬೇಕು? ಎಲ್ಲರೂ ಒಂದು ಅಡಿ, ಎರಡು ಅಡಿ ಇಡುತ್ತಾರೆ. ಒಂದು ದಾರವನ್ನು ಫುಟ್‌ಬಾಲಿಗೆ ಒಂಬತ್ತೂವರೆ ಸುತ್ತು ಸುತ್ತಿ ಬಿಚ್ಚಿಸಿ. ಆ ದಾರದ ಉದ್ದವೇ ದೂರ, ಆರೂವರೆ ಮೀಟರಿಗೂ ಹೆಚ್ಚು. ಅದೇ ಫುಟ್‌ಬಾಲನ್ನು ಸೂರ್ಯ ಮಾಡಿದರೆ ಭೂಮಿ ಒಂದು ಸಾಸಿವೆ ಕಾಳು, 24 ಮೀಟರ್ ಆಚೆ. ಹತ್ತಿರದ ಇನ್ನೊಂದು ನಕ್ಷತ್ರ ಸುಮಾರು 6,300 ಕಿಲೋಮೀಟರ್ ಆಚೆ. ಕಾಶ್ಮೀರದಿಂದ ಕನ್ಯಾಕುಮಾರಿಗೆ ಇರುವ ದೂರದ ಎರಡರಷ್ಟು.

ನನ್ನ ಮಾತು ಇಷ್ಟು. ಈಗ ನಿಮ್ಮ ಪ್ರಶ್ನೆಗಳು.

ಒಬ್ಬ ಶಿಕ್ಷಕರು ಕೇಳಿದರು: ಎಲ್ಲ ಸಿದ್ಧ ಮಾಡಿಕೊಂಡ ಮೇಲೆ ಮೋಡ ಬಂದರೆ?

ನಕ್ಷತ್ರಗಳ ವೃತ್ತ, ರಂಗೋಲಿ ಪುಡಿಯ ಕುಳಿ, ದಾರದ ಆಟ, ಇವಕ್ಕೆ ಆಕಾಶ ಬೇಕಾಗಿಲ್ಲ. ಮಳೆಗಾಲದಲ್ಲಿ ಶಾಲೆಯೊಳಗೇ ಮಾಡಿ. ಆದರೆ ಮಕ್ಕಳನ್ನು ಒಂದು ಸಲವಾದರೂ ಹೊರಗೆ ಕರೆದುಕೊಂಡು ಹೋಗಿ. ಮೋಡದ ಸಂದಿಯಲ್ಲಿ ಒಂದೇ ನಕ್ಷತ್ರ ಕಂಡರೂ ಅದು ಯಾವುದಿರಬಹುದು ಅಂತ ಹುಡುಕುವುದು ದೊಡ್ಡ ಆಟ.

ಇನ್ನೊಬ್ಬರು: ನಮ್ಮ ಶಾಲೆಗೆ ಟೆಲಿಸ್ಕೋಪ್ ಕೊಳ್ಳುವ ಶಕ್ತಿ ಇಲ್ಲ.

ಕೊಳ್ಳಬೇಡಿ. ಯಾರ ಹತ್ತಿರವಾದರೂ ಒಂದು ಬೈನಾಕ್ಯುಲರ್ ಇದ್ದರೆ ಎರಡು ದಿನಕ್ಕೆ ಕೇಳಿ ತನ್ನಿ. ಗೋಡೆಗೆ ಒತ್ತಿ ಹಿಡಿದರೆ ಗುರುವಿನ ಚುಕ್ಕಿಗಳೂ ಸಿಗುತ್ತವೆ. ಹಸಿರು ಲೇಸರ್ ಇದ್ದರೆ ಅದು ದೊಡ್ಡವರ ಕೈಯಲ್ಲೇ ಇರಲಿ. ಕಣ್ಣಿಗೂ, ವಿಮಾನಕ್ಕೂ ಅಪಾಯ.

ಒಬ್ಬ ತಾಯಿ ಕೇಳಿದರು: ನಕ್ಷತ್ರ ಅಂದ ಕೂಡಲೇ ಮಕ್ಕಳು ಜಾತಕದ ನಕ್ಷತ್ರ ಹೇಳುತ್ತಾರೆ. ಆಗ ಏನು ಹೇಳುವುದು?

ನಾನು ಗದರುವುದಿಲ್ಲ. ಅದನ್ನೇ ಹಿಡಿದುಕೊಳ್ಳುತ್ತೇನೆ. ಒಬ್ಬ ಹುಡುಗಿ "ನಂದು ರೋಹಿಣಿ ಅಕ್ಕ" ಅಂದಳು. ಹಾಗಂದರೆ ನೀನು ಹುಟ್ಟಿದ ದಿನ ಚಂದ್ರ ರೋಹಿಣಿಯ ಆಸುಪಾಸಿನಲ್ಲಿದ್ದ ಅಂತ, ಅಷ್ಟೇ ಅರ್ಥ ಅಂದೆ. ಬಾ ನೋಡೋಣ ಅಂತ ಕರೆದು ತೋರಿಸಿದೆ. ಕಿತ್ತಳೆ ಬಣ್ಣದ ನಕ್ಷತ್ರ. ಅದರ ಬೆಳಕು ನಮಗೆ ತಲುಪಲು ಸುಮಾರು 65 ವರ್ಷ ಬೇಕು. ಈಗ ನಿನ್ನ ಕಣ್ಣಿಗೆ ಬೀಳುತ್ತಿರುವ ಬೆಳಕು ಅಲ್ಲಿಂದ ಹೊರಟಾಗ ನಿನ್ನ ಅಜ್ಜಿ ಎಷ್ಟು ದೊಡ್ಡವರಿದ್ದರು ಲೆಕ್ಕ ಹಾಕು ಅಂದೆ. ಅವಳು ಬೆರಳು ಮಡಚಿ ಎಣಿಸಿ, "ನನ್ನಷ್ಟೇ" ಅಂದಳು.

ಮುಂದಿನ ಸಲ ಬಂದಾಗ ಅವಳೇ ಓಡಿ ಬಂದು ಹೇಳಿದಳು. ಮನೆಯ ಅಂಗಳದಲ್ಲಿ ಅಜ್ಜಿಗೆ ರೋಹಿಣಿ ತೋರಿಸಿದಳಂತೆ. ಅಜ್ಜಿ ತುಂಬಾ ಹೊತ್ತು ನೋಡಿದರಂತೆ. ಆಮೇಲೆ ಅಜ್ಜಿಯೇ ಅದರ ಪಕ್ಕದ ಕೃತ್ತಿಕೆಯ ಗೊಂಚಲನ್ನು ತೋರಿಸಿ, ಅದರಲ್ಲಿ ಎಷ್ಟಿವೆ ಎಣಿಸು, ನನಗೀಗ ಬಿಡಿಬಿಡಿಯಾಗಿ ಕಾಣಿಸುವುದಿಲ್ಲ ಅಂದರಂತೆ. ಹುಡುಗಿಗೆ ಆರು ಸಿಕ್ಕಿವೆ.